ಜೀಪಿಗೆ ಕಟ್ಟಿದ ಎಣ್ಣೆ ಕ್ಯಾನ್: ವಾಸನೆ, ಸೋರಿಕೆ, ಇಂಜಿನ್ ಜಗ್ಗಾಟ ಬಂದರೆ ಎಲ್ಲಿಂದ ಹುಡುಕಬೇಕು

ಕಾಸರಗೋಡಿನ ಪಾಣತ್ತೂರು ದಾಟಿ ಕೊಡಗಿನ ಕರಿಕೆ ಕಡೆ ಹತ್ತುವ ಮಾರ್ಗದಲ್ಲೋ, ಬಂದಡ್ಕದ ಆಚೆಯ ರಬ್ಬರ್ ಗುಡ್ಡೆಗಳಲ್ಲೋ ಜೀಪು ಓಡಿಸುವವರಿಗೆ ಎಣ್ಣೆ ಕ್ಯಾನ್, ಅಂದರೆ ಹೆಚ್ಚುವರಿ ಪೆಟ್ರೋಲೋ ಡೀಸೆಲ್ಲೋ ತುಂಬಿದ ಕ್ಯಾನ್, ಹೊಸದೇನಲ್ಲ. ಲೋ ಗೇರಿನಲ್ಲೇ ಹತ್ತಿ ಇಳಿದು ಮಾಡುತ್ತಿದ್ದರೆ ಮೈಲೇಜ್ ಅರ್ಧಕ್ಕೆ ಬೀಳುತ್ತದೆ. ಜಿಪ್ಸಿ, ಜಿಮ್ನಿಗಳ ಟ್ಯಾಂಕು ಬರೀ 40 ಲೀಟರ್. ರಾತ್ರಿ ಹೊತ್ತು ಮಲೆಯ ಬದಿಯಲ್ಲಿ ಪಂಪು ತೆರೆದಿರುತ್ತದೆ ಎಂದು ನಂಬುವ ಹಾಗೂ ಇಲ್ಲ. ಹಾಗಾಗಿ ಕ್ಯಾನ್ ಬೇಕು, ಅದರಲ್ಲಿ ತಪ್ಪಿಲ್ಲ.

ತೊಂದರೆ ಶುರುವಾಗುವುದು ಆಮೇಲೆ. ಗಾಡಿಯೊಳಗೆ ಪೆಟ್ರೋಲ್ ವಾಸನೆ, ಕ್ಯಾನಿನ ಕೆಳಗೆ ಒದ್ದೆ, ಕ್ಯಾನ್ ಉಬ್ಬುವುದು, ಇಲ್ಲವೇ ಕ್ಯಾನಿನಿಂದ ಸುರಿದು ಸ್ವಲ್ಪ ದೂರ ಹೋಗುವಾಗ ಇಂಜಿನ್ ಜಗ್ಗುವುದು. ಆಗ ಎಲ್ಲರೂ ಮೊದಲು ಬೈಯುವುದು ಗಾಡಿಯನ್ನು. ಕಾರ್ಬುರೇಟರ್ ಬಿಚ್ಚುತ್ತಾರೆ, ಇಂಜೆಕ್ಟರ್ ಬಿಚ್ಚುತ್ತಾರೆ, ಪ್ಲಗ್ ಬದಲಿಸುತ್ತಾರೆ, ದುಡ್ಡು ಹೋಗುತ್ತದೆ, ಮುಂದಿನ ಸಲ ಅದೇ ಕ್ಯಾನಿನಿಂದ ಸುರಿದಾಗ ಮತ್ತೆ ಅದೇ ಕಥೆ. ನಾನು ಹೇಳುವುದು ಇಷ್ಟೇ: ನಿನ್ನೆವರೆಗೆ ಸರಿಯಾಗಿ ಓಡಿದ ಗಾಡಿಗೆ ಕ್ಯಾನ್ ಕಟ್ಟಿದ ಮೇಲೆ ತೊಂದರೆ ಬಂದರೆ, ಸ್ಪ್ಯಾನರ್ ಹಿಡಿಯುವ ಮೊದಲು ಕ್ಯಾನನ್ನು ನೋಡಿ. ಮುಚ್ಚಳ, ವಾಶರ್, ಜೋಡಣೆ, ಕಟ್ಟಿದ ರೀತಿ, ಒಳಗಿನ ಎಣ್ಣೆ, ಈ ಐದನ್ನು ನೋಡಲು ಅರ್ಧ ಗಂಟೆ ಸಾಕು, ಖರ್ಚೂ ಇಲ್ಲ.

ಮೊದಲು ಗಾಡಿ ನಿಲ್ಲಿಸಿ

ಓಡುತ್ತಿರುವಾಗ ಪೆಟ್ರೋಲ್ ವಾಸನೆ ಗಟ್ಟಿಯಾಗಿ ಬಂದರೆ "ಮುಂದಿನ ಪೇಟೆಯಲ್ಲಿ ನೋಡುವಾ" ಎನ್ನಬೇಡಿ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಎಲ್ಲರನ್ನೂ ಇಳಿಸಿ. ಎಲ್ಲ ಬಾಗಿಲುಗಳನ್ನೂ ತೆರೆಯಿರಿ. ಕಿಟಕಿ ಇಳಿಸಿದರೆ ಸಾಲದು, ಏಕೆಂದರೆ ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲೆ ಹೋಗುವುದಿಲ್ಲ, ಕಾಲಿಡುವ ಜಾಗದಲ್ಲಿ, ಸೀಟಿನ ಅಡಿಯಲ್ಲಿ, ಮ್ಯಾಟಿನ ಮೇಲೆ ಮಲಗಿರುತ್ತದೆ. ಬಾಗಿಲು ತೆರೆದರೆ ಮಾತ್ರ ಹೊರಗೆ ಹರಿದು ಹೋಗುತ್ತದೆ. ಆ ಹೊತ್ತಿನಲ್ಲಿ ಫ್ಯಾನ್, ಲೈಟ್, ವಿಂಚ್ ಯಾವುದರ ಸ್ವಿಚ್ಚನ್ನೂ ಮುಟ್ಟಬೇಡಿ. ಬೀಡಿ ಸಿಗರೇಟ್ ಸೇದುವವರು ಜೊತೆಯಲ್ಲಿದ್ದರೆ ಗಟ್ಟಿಯಾಗಿಯೇ ಹೇಳಿ, ದಾಕ್ಷಿಣ್ಯ ಬೇಡ.

ಡೀಸೆಲ್ ಆದರೆ ಇಷ್ಟು ಗಾಬರಿ ಇಲ್ಲ. ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ನಮ್ಮಲ್ಲಿ ಮಾರುವ ಡೀಸೆಲ್ಲಿಗೆ ಆ ಮಟ್ಟ ಕನಿಷ್ಠ 35 ಡಿಗ್ರಿ ಇರಬೇಕೆಂಬ ನಿಯಮವಿದೆ. ಆದರೆ ಏಪ್ರಿಲ್ ಬಿಸಿಲಿನಲ್ಲಿ ಕಬ್ಬಿಣದ ಕ್ಯಾನ್ 35 ಡಿಗ್ರಿ ದಾಟುವುದು ದೊಡ್ಡ ಸಂಗತಿಯೇನಲ್ಲ ಅಲ್ವಾ? ಹಾಗಾಗಿ ಬಿಸಿ ಸೈಲೆನ್ಸರ್ ಮೇಲೆ ತೊಟ್ಟಿಕ್ಕುವ ಡೀಸೆಲನ್ನೂ ಹಗುರವಾಗಿ ತೆಗೆದುಕೊಳ್ಳಬಾರದು. ಅದು ಬ್ರೇಕ್ ಡ್ರಮ್ಮಿಗೆ ಇಳಿದರೆ ಇನ್ನೊಂದು ತಲೆನೋವು.

ಕ್ಯಾನ್ ಸೀಟಿನ ಹಿಂದೆ ಗಾಡಿಯೊಳಗೇ ಇದೆಯಾ? ಹಾಗಿದ್ದರೆ ದೋಷ ಹುಡುಕುವ ಮೊದಲೇ ಒಂದು ತಪ್ಪು ಸಿಕ್ಕಿತು. ಪೆಟ್ರೋಲ್ ಕ್ಯಾನ್ ಜನ ಕೂತ ಕಡೆ ಇರಬಾರದು. ಎಷ್ಟೇ ಒಳ್ಳೆಯ ಮುಚ್ಚಳ ಇದ್ದರೂ ಬಾರದು.

ವಾಸನೆ ಯಾವಾಗ ಬರುತ್ತದೆ?

ಮೆಕ್ಯಾನಿಕ್ ಹತ್ತಿರ "ವಾಸನೆ ಬರುತ್ತದೆ" ಎಂದಷ್ಟೇ ಹೇಳಿದರೆ ಪ್ರಯೋಜನವಿಲ್ಲ. ಯಾವಾಗ ಬರುತ್ತದೆ ಎಂಬುದರಲ್ಲೇ ಉತ್ತರ ಇರುತ್ತದೆ. ಚಡಾವು ಹತ್ತುವಾಗ, ಗಾಡಿ ಒಂದು ಬದಿಗೆ ವಾಲಿದಾಗ ಮಾತ್ರ ಬಂದರೆ ಎಣ್ಣೆ ಮುಚ್ಚಳದ ತನಕ ಹೋಗಿ ಅಲ್ಲಿಂದ ಜಿನುಗುತ್ತಿದೆ, ಅಂದರೆ ವಾಶರ್. ಬಿಸಿಲಿಗೆ ನಿಲ್ಲಿಸಿದಾಗ ಬಂದರೆ ಕ್ಯಾನ್ ಜಾಸ್ತಿ ತುಂಬಿದೆ, ಇಲ್ಲವೇ ಮುಚ್ಚಳದ ಹಿಡಿತ ಸಡಿಲ. ಸಮತಟ್ಟು ನೆರಳಲ್ಲೂ ಬಿಡದೆ ಬಂದರೆ ಕ್ಯಾನಿನ ಮೈಯಲ್ಲೇ ಎಲ್ಲೋ ತೂತು. ಸುರಿದ ಅರ್ಧ ಗಂಟೆ ಮಾತ್ರ ಬಂದು ಆಮೇಲೆ ಹೋದರೆ, ಸುರಿಯುವಾಗ ಚೆಲ್ಲಿದ್ದು, ಇಲ್ಲವೇ ಸುರಿದ ನಳಿಗೆಯನ್ನು ಹಾಗೆಯೇ ಒದ್ದೆಯಾಗಿ ಗಾಡಿಯೊಳಗೆ ಎಸೆದದ್ದು. ಈ ಕೊನೆಯದನ್ನು ಯಾರೂ ನೋಡುವುದೇ ಇಲ್ಲ. ಒದ್ದೆ ನಳಿಗೆ, ಎಣ್ಣೆ ಒರೆಸಿದ ಬಟ್ಟೆ ಎರಡನ್ನೂ ಹೊರಗೆ ಕಟ್ಟಿ.

ವಾಶರ್ ಮೇಲೆ ಸಂಶಯ ಬಂದರೆ ಅದನ್ನು ಹೊರಗೆ ತೆಗೆದು ಬೆಳಕಿಗೆ ಹಿಡಿದು ನೋಡಿ. ಚೆನ್ನಾಗಿರುವ ವಾಶರ್ ಎರಡು ಬೆರಳ ನಡುವೆ ಒತ್ತಿದರೆ ಸ್ವಲ್ಪ ಕುಗ್ಗಿ ಮತ್ತೆ ಎದ್ದು ಬರುತ್ತದೆ. ಅದರ ಮೇಲೆ ಕ್ಯಾನಿನ ಬಾಯಿಯ ಅಂಚು ಕೂತ ಗುರುತು ಒಂದೇ ಸಮನಾಗಿ ಸುತ್ತಲೂ ಇರಬೇಕು. ಒಂದು ಕಡೆ ಆಳ, ಇನ್ನೊಂದು ಕಡೆ ಗುರುತೇ ಇಲ್ಲ ಎಂದಾದರೆ ಮುಚ್ಚಳದ ಕೀಲು ಬಗ್ಗಿದೆ. ಗುರುತು ಸರಿ ಇದ್ದು ರಬ್ಬರ್ ಗಟ್ಟಿಯಾಗಿ, ಬಗ್ಗಿಸಿದಾಗ ಕೂದಲೆಳೆಯಂಥ ಬಿರುಕು ಕಂಡರೆ ಅದರ ಆಯುಷ್ಯ ಮುಗಿದಿದೆ. ಉಬ್ಬಿ ಮೆತ್ತಗಾಗಿ ಬೆರಳಿಗೆ ಕಪ್ಪು ಹತ್ತಿದರೆ ಅದು ಪೆಟ್ರೋಲಿಗೆ ಆಗುವ ರಬ್ಬರೇ ಅಲ್ಲ.

ಈ ಉಬ್ಬುವ ಸಮಸ್ಯೆ ನಮ್ಮ ಕಡೆ ಜಾಸ್ತಿ, ಏಕೆಂದರೆ ಹಳೆ ವಾಶರ್ ಹಾಳಾದಾಗ ಟಯರ್ ಟ್ಯೂಬನ್ನು ಗುಂಡಗೆ ಕತ್ತರಿಸಿ ಹಾಕುವ ಅಭ್ಯಾಸ ಇದೆ. ಟ್ಯೂಬಿನ ರಬ್ಬರ್ ಗಾಳಿ ಹಿಡಿಯಲು ಮಾಡಿದ್ದು, ಪೆಟ್ರೋಲ್ ಕುಡಿದರೆ ಉಬ್ಬುತ್ತದೆ. ಮೊದಲ ದಿನ ಬಿಗಿಯಾಗಿ ಕೂರುತ್ತದೆ, "ಆಹಾ ಸರಿಯಾಯಿತು" ಅನಿಸುತ್ತದೆ, ವಾರ ಕಳೆದ ಮೇಲೆ ಸುಕ್ಕುಗಟ್ಟಿ ಒಂದು ಬದಿಯಲ್ಲಿ ಮಡಚಿಕೊಂಡು ಅಲ್ಲಿಂದಲೇ ಸೋರುತ್ತದೆ. ನೈಟ್ರೈಲ್ ರಬ್ಬರ್ ವಾಶರ್ ಕೇಳಿ ಹಾಕಿ. 2023ರಿಂದ ಹಂತಹಂತವಾಗಿ ಬಂದ ಇ20 ಪೆಟ್ರೋಲಿನಲ್ಲಿ ಶೇಕಡಾ 20 ಎಥನಾಲ್ ಇರುವುದರಿಂದ ವಿಟಾನ್ ಎಂಬ ರಬ್ಬರಿನದ್ದು ಸಿಕ್ಕಿದರೆ ಇನ್ನೂ ಒಳ್ಳೆಯದು. ದರ ಸ್ವಲ್ಪ ಜಾಸ್ತಿ, ಆದರೆ ಎರಡು ವಾಶರ್ ತಂದು ಒಂದನ್ನು ಟೂಲ್ ಬಾಕ್ಸಿನಲ್ಲಿ ಇಟ್ಟರೆ ನೆಮ್ಮದಿ.

ಪರೀಕ್ಷೆ ಮಾಡುವುದು ಸುಲಭ. ಅಂಗಳದ ನೆರಳಿನಲ್ಲಿ, ಒಲೆ, ಬಚ್ಚಲು ಮನೆಯ ಬೆಂಕಿಯಿಂದ ದೂರ, ಹಳೆ ಪೇಪರ್ ಹಾಸಿ ಕ್ಯಾನನ್ನು ಮುಚ್ಚಳ ಕೆಳಗೆ ಬರುವ ಹಾಗೆ ಮಲಗಿಸಿ. ಒಂದು ಗಂಟೆ ಬಿಡಿ. ಡೀಸೆಲ್ ಆದರೆ ಪೇಪರಿನಲ್ಲಿ ಕಲೆ ಉಳಿಯುತ್ತದೆ. ಪೆಟ್ರೋಲ್ ಬೇಗ ಆರುವುದರಿಂದ ಹತ್ತು ಹದಿನೈದು ನಿಮಿಷಕ್ಕೊಮ್ಮೆ ನೋಡುತ್ತಿರಬೇಕು, ಇಲ್ಲದಿದ್ದರೆ ಸೋರಿದ್ದೇ ಗೊತ್ತಾಗುವುದಿಲ್ಲ.

ಮೈಯಲ್ಲಿ ತೂತು ಇದೆಯೇ ಎಂದು ನೋಡಲು ಮನೆಯಲ್ಲೇ ಇರುವ ಸಾಮಾನು ಸಾಕು: ಎಲೆ ಅಡಿಕೆಯ ಸುಣ್ಣ. ಕ್ಯಾನನ್ನು ಖಾಲಿ ಮಾಡಿ, ಬಯಲಿನಲ್ಲಿ ಮುಚ್ಚಳ ತೆರೆದಿಟ್ಟು ಗಾಳಿಯಾಡಿಸಿ, ಹೊರಗೆ ಒರೆಸಿ ಒಣಗಿಸಿ, ಬೆಸುಗೆಯ ಗೆರೆ, ನಾಲ್ಕು ಮೂಲೆ, ಹಿಡಿಕೆ ಕೂತ ಜಾಗ ಎಲ್ಲದಕ್ಕೂ ನೀರಲ್ಲಿ ಕಲಸಿದ ಸುಣ್ಣ ತೆಳ್ಳಗೆ ಬಳಿಯಿರಿ. ಅದು ಬೆಳ್ಳಗೆ ಒಣಗಲಿ. ಆಮೇಲೆ ಒಳಗೆ ಅರ್ಧ ಲೀಟರ್ ಚಿಮಿಣಿ ಎಣ್ಣೆ (ಸೀಮೆಎಣ್ಣೆ) ಹಾಕಿ, ಮುಚ್ಚಿ, ಒಂದೊಂದು ಬದಿಗೂ ಅರ್ಧ ಗಂಟೆಯಂತೆ ಮಲಗಿಸಿ. ಚಿಮಿಣಿ ಎಣ್ಣೆ ಕಣ್ಣಿಗೆ ಕಾಣದ ಬಿರುಕಿನಲ್ಲೂ ಹೊಕ್ಕು ಬರುತ್ತದೆ. ಬಿಳಿ ಸುಣ್ಣದ ಮೇಲೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ ಮೂಡಿ ನಿಧಾನಕ್ಕೆ ಸುತ್ತ ಹರಡುತ್ತದೆ. ತೂತು ಅಲ್ಲೇ. ಬೆಸುಗೆ ಹಾಕುವ ಕಾರ್ಖಾನೆಗಳಲ್ಲಿ ಟ್ಯಾಂಕುಗಳನ್ನು ಇದೇ ಕ್ರಮದಲ್ಲಿ, ಚಾಕ್ ಪುಡಿ ಬಳಸಿ ಪರೀಕ್ಷಿಸುತ್ತಾರೆ.

ತೂತು ಸಿಕ್ಕಿತಲ್ಲ, ಇನ್ನು ವೆಲ್ಡಿಂಗ್ ಶಾಪಿಗೆ ಒಯ್ಯುವುದು ಅಂದುಕೊಂಡಿರಾ? ಒಯ್ಯಬೇಡಿ. ದಯವಿಟ್ಟು ಬೇಡ. ಖಾಲಿ ಕ್ಯಾನ್ ತುಂಬಿದ ಕ್ಯಾನಿಗಿಂತ ಅಪಾಯ. ತುಂಬಿದ ಕ್ಯಾನಿನಲ್ಲಿ ಗಾಳಿಗೆ ಜಾಗ ಕಡಿಮೆ, ಖಾಲಿ ಕ್ಯಾನಿನ ತುಂಬ ಆವಿ ಮತ್ತು ಗಾಳಿ ಬೆರೆತು ನಿಂತಿರುತ್ತದೆ. ಗಾಳಿಯಲ್ಲಿ ಶೇಕಡಾ ಒಂದೂವರೆಯಿಂದ ಏಳೂವರೆಯಷ್ಟು ಪೆಟ್ರೋಲ್ ಆವಿ ಇದ್ದರೆ ಸಾಕು, ಕಿಡಿ ತಾಗಿದ ಕೂಡಲೇ ಸ್ಫೋಟ. ತೊಳೆದಿದ್ದೇನೆ, ವಾರ ಒಣಗಿಸಿದ್ದೇನೆ ಎಂಬ ಮಾತನ್ನು ನಂಬಿ ವೆಲ್ಡ್ ಮಾಡುವವರ ಪ್ರಾಣವನ್ನು ಪಣಕ್ಕಿಡಬಾರದು. ಬಿರುಕು, ಜೋಡಣೆಯ ಸೋರಿಕೆಗಳಿಗೆ ಪುಟ್ಟಿ ಮೆತ್ತುವುದೂ ಒಂದು ದಿನ ಊರು ಸೇರುವುದಕ್ಕೆ ಸರಿ ಅಷ್ಟೇ. ತೂತು ಬಿದ್ದ ಕ್ಯಾನನ್ನು ಗುಜರಿಗೆ ಕೊಡಿ. ಕೊಡುವಾಗ "ಪೆಟ್ರೋಲ್ ಇತ್ತು" ಎಂದು ಹೇಳಿ ಕೊಡಿ, ಅವರು ಗ್ಯಾಸ್ ಕಟ್ಟರ್ ಹಿಡಿಯುವವರು.

ಕ್ಯಾನ್ ಉಬ್ಬಿದೆ, ಅಥವಾ ಒಳಗೆ ಎಳೆದುಕೊಂಡಿದೆ

ಇದು ಎಲ್ಲ ಸಲ ದೋಷ ಅಲ್ಲ. ಕಾರಣ ಎರಡು, ಬಿಸಿ ಮತ್ತು ಎತ್ತರ. ಪೆಟ್ರೋಲ್ ಬಿಸಿಯಾದರೆ ಹಿಗ್ಗುತ್ತದೆ. ಬೆಳಿಗ್ಗೆ ತಂಪಿನಲ್ಲಿ ತುಂಬಿದ 20 ಲೀಟರ್ ಮಧ್ಯಾಹ್ನಕ್ಕೆ 20 ಡಿಗ್ರಿ ಜಾಸ್ತಿ ಬಿಸಿಯಾಯಿತು ಎಂದಾದರೆ ಸುಮಾರು 380 ಮಿಲಿ ಹೆಚ್ಚಾಗುತ್ತದೆ. ಕುತ್ತಿಗೆ ತನಕ ತುಂಬಿದ್ದರೆ ಅದು ಎಲ್ಲಿಗೆ ಹೋಗಬೇಕು? ವಾಶರ್ ತಳ್ಳಿಕೊಂಡು ಹೊರಗೆ. ಜೊತೆಗೆ ಆವಿಯ ಒತ್ತಡ ಬೇರೆ.

ಇನ್ನು ಎತ್ತರ. ಕಾಸರಗೋಡಿನ ಕಡಲ ಬದಿಯಲ್ಲಿ ಮುಚ್ಚಳ ಬಿಗಿದು ಹೊರಟು ಭಾಗಮಂಡಲ ದಾಟಿ 1,276 ಮೀಟರ್ ಎತ್ತರದ ತಲಕಾವೇರಿ ತನಕ ಹತ್ತಿದರೆ ಹೊರಗಿನ ಗಾಳಿಯ ಒತ್ತಡ ಶೇಕಡಾ 14ರಷ್ಟು ಕಡಿಮೆಯಾಗುತ್ತದೆ. ಒಳಗಿನ ಗಾಳಿ ಕಡಲ ಮಟ್ಟದ್ದೇ. ಪ್ಲಾಸ್ಟಿಕ್ ಕ್ಯಾನಿನ ಬದಿಗಳು ಹೊಟ್ಟೆ ಬಿಟ್ಟ ಹಾಗೆ ಹೊರಗೆ ಬರುತ್ತವೆ. ಮೇಲೆ ಒಮ್ಮೆ ಮುಚ್ಚಳ ತೆರೆದು ಮುಚ್ಚಿ ಕೆಳಗೆ ಇಳಿದರೆ ಅದೇ ಕ್ಯಾನ್ ಒಳಗೆ ಎಳೆದುಕೊಳ್ಳುತ್ತದೆ. ಇಂಥ ಉಬ್ಬು ತಗ್ಗು ಪ್ರತಿ ಪ್ರಯಾಣದಲ್ಲೂ ಆದರೆ ಪ್ಲಾಸ್ಟಿಕ್ ಮೂಲೆಗಳಲ್ಲಿ ಮೊದಲು ಬಿಳಿ ಗೆರೆ ಕಾಣುತ್ತದೆ. ಬಿಳಿ ಗೆರೆ ಕಂಡ ಕ್ಯಾನಿಗೆ ಮತ್ತೆ ಎಣ್ಣೆ ಹಾಕಬೇಡಿ, ಮುಂದಿನ ಹೆಜ್ಜೆ ಬಿರುಕು.

ಉಕ್ಕಿನ 20 ಲೀಟರ್ ಜೆರಿಕ್ಯಾನ್ ಇದನ್ನೆಲ್ಲ ತಡೆಯುತ್ತದೆ. 1930ರ ದಶಕದಲ್ಲಿ ಜರ್ಮನಿಯ ಸೈನ್ಯಕ್ಕೆಂದು ಮಾಡಿದ ವಿನ್ಯಾಸ ಅದು, ಇಂದಿಗೂ ಹೆಚ್ಚು ಬದಲಾಗಿಲ್ಲ. ಬದಿಯಲ್ಲಿ ಅಡ್ಡಡ್ಡ ಒತ್ತಿದ ಗೆರೆಗಳು ತಗಡು ಹಿಗ್ಗಿ ಕುಗ್ಗಲು, ಹಿಡಿಕೆಯ ಕೆಳಗಿನ ಉಬ್ಬು ಗಾಳಿಗೆ ಜಾಗ ಬಿಡಲು. ಎರಡು ಭಾಗ ಸೇರಿಸಿದ ಬೆಸುಗೆ ಒಳಕ್ಕೆ ತಗ್ಗಿ ಕೂತಿರುತ್ತದೆ, ಹಾಗಾಗಿ ಉಜ್ಜುವುದಿಲ್ಲ. ಅಗ್ಗದ ನಕಲಿನಲ್ಲಿ ಬೆಸುಗೆ ಹೊರಗೆ ಎದ್ದು ನಿಂತಿರುತ್ತದೆ, ಕೊಳ್ಳುವಾಗ ಬೆರಳಾಡಿಸಿ ನೋಡಿದರೆ ಗೊತ್ತಾಗುತ್ತದೆ.

ಉಬ್ಬಿದ ಕ್ಯಾನನ್ನು ತೆರೆಯುವ ಕ್ರಮ: ಗಾಡಿಯಿಂದ ಇಳಿಸಿ, ನೆರಳಿನಲ್ಲಿ ನೆಲದ ಮೇಲಿಡಿ, ಸ್ವಲ್ಪ ಹೊತ್ತು ತಣಿಯಲಿ. ಮುಖ ದೂರ ಇಟ್ಟು, ಬಾಯಿಯ ಮೇಲೆ ಬಟ್ಟೆ ಹಾಕಿ, ಮುಚ್ಚಳವನ್ನು ಎಳೆಯಷ್ಟು ಮಾತ್ರ ಸಡಿಲಿಸಿ. ಸುಸ್ ಎಂಬ ಸದ್ದು ಪೂರ್ತಿ ನಿಂತ ಮೇಲೆ ತೆರೆಯಿರಿ. ಒಂದೇ ಏಟಿಗೆ ಲಿವರ್ ಎತ್ತಿದರೆ ಪೆಟ್ರೋಲ್ ಕಣ್ಣಿಗೇ ಹಾರುತ್ತದೆ.

ಕಟ್ಟಿದ್ದು ಸರಿ ಇದೆಯಾ

20 ಲೀಟರ್ ಪೆಟ್ರೋಲ್ ಸುಮಾರು 15 ಕೆಜಿ, ಡೀಸೆಲ್ 16ರಿಂದ 17 ಕೆಜಿ. ಉಕ್ಕಿನ ಕ್ಯಾನಿನ ತೂಕ ಸೇರಿಸಿದರೆ ಒಂದೊಂದು 20 ಕೆಜಿ ಆಸುಪಾಸು. ನಿಂತ ಗಾಡಿಯಲ್ಲಿ ಅದು 20 ಕೆಜಿ. ಕೊರಕಲಿನಲ್ಲಿ ಚಕ್ರ ಧೊಪ್ಪನೆ ಬಿದ್ದಾಗ ಬೋಲ್ಟು, ಕೀಲುಗಳ ಮೇಲೆ ಬೀಳುವ ಹೊರೆ ಅದರ ಎಷ್ಟೋ ಪಟ್ಟು. ಹಿಂದಿನ ಬಾಗಿಲಿನಲ್ಲಿ ಸ್ಟೆಪ್ನಿ ಇರುವ ಗಾಡಿಗೆ ಅದರ ಮೇಲೆಯೇ ಕ್ಯಾನಿನ ಚೌಕಟ್ಟು ಕೂರಿಸಿದರೆ ಮೊದಲು ಬರುವ ಲಕ್ಷಣ ಬಾಗಿಲು ಮುಚ್ಚುವಾಗ ಸ್ವಲ್ಪ ಎತ್ತಬೇಕಾಗುವುದು. ಆಮೇಲೆ ಕೀಲಿನ ಸುತ್ತ ಬಣ್ಣ ಬಿರಿಯುತ್ತದೆ. ಬಣ್ಣ ಬಿರಿದ ಕಡೆ ತುಕ್ಕಿನ ಸಣ್ಣ ಗೆರೆ ಇಳಿದಿದ್ದರೆ ತಗಡೇ ಹರಿಯಲು ಶುರುವಾಗಿದೆ. ಕ್ಯಾನ್ ಇಳಿಸಿ, ಬಂಪರಿಗೋ ಚಾಸಿಗೋ ಸೇರಿದ ಚೌಕಟ್ಟು ಮಾಡಿಸಿ.

ಕ್ಯಾನ್ ಚೌಕಟ್ಟಿನೊಳಗೆ ಅಲುಗಾಡಬಾರದು. ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ. ಟಕ್ ಎಂಬ ಸದ್ದು ಬಂದರೆ ಆ ಜಾಗದಲ್ಲೇ ನಾಳೆ ತೂತು. ನಮ್ಮ ಗುಡ್ಡೆಗಳ ಮುರಕಲ್ಲಿನ ಕೆಂಪು ಧೂಳು ನುಣ್ಣಗೆ ಕಾಣುತ್ತದೆ, ಆದರೆ ಕ್ಯಾನ್ ಮತ್ತು ಚೌಕಟ್ಟಿನ ನಡುವೆ ಸಿಕ್ಕಿದರೆ ಸ್ಯಾಂಡ್ ಪೇಪರಿನ ಕೆಲಸ ಮಾಡುತ್ತದೆ. ಕ್ಯಾನನ್ನು ಹೊರಗೆಳೆದು ಕೆಳಗಿನ ಅಂಚು ನೋಡಿ. ಬಣ್ಣ ಹೋಗಿ ಬೆಳ್ಳಗೆ ಹೊಳೆಯುವ ತಗಡು ಕಂಡರೆ ಉಜ್ಜುತ್ತಿದೆ ಎಂದೇ ಅರ್ಥ. ಮಳೆಗಾಲದಲ್ಲಿ ಅದೇ ಜಾಗಕ್ಕೆ ತುಕ್ಕು ಹಿಡಿಯುತ್ತದೆ, ಬೇಸಿಗೆಯಲ್ಲಿ ಮತ್ತೆ ಉಜ್ಜುತ್ತದೆ, ಹೀಗೆ ತೆಳ್ಳಗಾಗುತ್ತ ಹೋಗುತ್ತದೆ. ಕೆಳಗೆ ಹಳೆ ಕನ್ವೇಯರ್ ಬೆಲ್ಟಿನ ತುಂಡು ಹಾಕಿ, ಸುತ್ತ ರ‍್ಯಾಚೆಟ್ ಬೆಲ್ಟಿನಿಂದ ಬಿಗಿಯಿರಿ. ಹಗ್ಗ ಬೇಡ. ಒದ್ದೆಯಾಗಿ ಒಣಗಿ ಸಡಿಲವಾಗುತ್ತದೆ. ಎಣ್ಣೆ ಕುಡಿಯುವ ಸ್ಪಂಜು, ಗೋಣಿ ಹಾಕಬೇಡಿ, ಸಣ್ಣ ಸೋರಿಕೆ ಮರೆಯಾಗಿ ಹೋಗುತ್ತದೆ.

ಸೈಲೆನ್ಸರ್ ಇರುವ ಬದಿಗೆ ಕಟ್ಟಬೇಡಿ. ಎರಡೂ ಬದಿ ದರೆ ಇರುವ ಇಕ್ಕಟ್ಟು ದಾರಿಗಳಲ್ಲಿ ಹೋಗುವವರು ಮೈಗೆ ಎದ್ದು ನಿಲ್ಲುವ ಹಾಗೆಯೂ ಕಟ್ಟಬೇಡಿ, ಮುರಕಲ್ಲಿನ ಮೂಲೆ ಒಂದು ಸಲ ಕೆರೆದರೆ ಮುಗಿಯಿತು. ಮೇಲ್ಛಾವಣಿಯ ಕ್ಯಾರಿಯರಿನಲ್ಲಿ ಎರಡು ಕ್ಯಾನ್ ಇಟ್ಟರೆ 40 ಕೆಜಿ ತಲೆಭಾರ. ಅಡ್ಡ ಇಳಿಜಾರಿನಲ್ಲಿ ಗಾಡಿ ಮೊದಲಿಗಿಂತ ಬೇಗ ವಾಲುತ್ತಿದೆ ಅನಿಸಿದರೆ ಸ್ಪ್ರಿಂಗ್ ಪಟ್ಟಿಯನ್ನು ಸಂಶಯಿಸುವ ಮೊದಲು ಮೇಲಿನ ಭಾರ ಇಳಿಸಿ ನೋಡಿ.

ಸುರಿದ ಮೇಲೆ ಇಂಜಿನ್ ಜಗ್ಗುತ್ತಿದೆ

ಜನ ಅತಿ ಹೆಚ್ಚು ತಪ್ಪು ಕಡೆ ಹುಡುಕುವುದು ಇಲ್ಲಿಯೇ. ಕೇಳಿಕೊಳ್ಳಬೇಕಾದ ಪ್ರಶ್ನೆ: ಸುರಿದು ಎಷ್ಟು ಹೊತ್ತಿಗೆ ಜಗ್ಗಿತು?

ಸುರಿದ ಕೂಡಲೇ, ಒಂದೆರಡು ಕಿಲೋಮೀಟರ್ ಒಳಗೆ ಜಗ್ಗಿ ನಿಂತರೆ ನೀರು, ಇಲ್ಲವೇ ತಪ್ಪು ಎಣ್ಣೆ. ಚೆನ್ನಾಗಿ ಓಡಿ ತಾಸುಗಟ್ಟಲೆ ಆದ ಮೇಲೆ ಶಕ್ತಿ ಕುಂದುತ್ತ ಬಂದರೆ ಕಸ, ತುಕ್ಕು ಹೋಗಿ ಫಿಲ್ಟರ್ ಕಟ್ಟಿಕೊಂಡಿದೆ. ಐಡಲಿನಲ್ಲಿ ಸರಿ, ಏರಿನಲ್ಲಿ ಎಳೆಯುವುದಿಲ್ಲ ಎಂದಾದರೂ ಫಿಲ್ಟರೇ. ಓಡುತ್ತ ಓಡುತ್ತ ನಿಂತು, ಟ್ಯಾಂಕಿನ ಮುಚ್ಚಳ ತೆರೆದಾಗ ಸುಸ್ ಎಂದು ಗಾಳಿ ಎಳೆದುಕೊಂಡು, ಆಮೇಲೆ ಮತ್ತೆ ಸ್ಟಾರ್ಟ್ ಆದರೆ ಮುಚ್ಚಳದ ಗಾಳಿತೂತು ಮುಚ್ಚಿದೆ. ಇದಕ್ಕೂ ಕ್ಯಾನಿಗೂ ಸಂಬಂಧ ಇದೆ: ಸುರಿಯುವಾಗ ಟ್ಯಾಂಕಿನ ಮುಚ್ಚಳವನ್ನು ಕೆಸರಿನ ಮೇಲೆ ಇಟ್ಟಿರುತ್ತಾರೆ. ಬಿಸಿ ಇಂಜಿನ್ ನಿಂತು ತಣಿದ ಮೇಲೆ ತಾನೇ ಹತ್ತಿಕೊಳ್ಳುವ ಹಳೆ ಕಾರ್ಬುರೇಟರ್ ಗಾಡಿಗಳದ್ದು ಬೇರೆ ವಿಚಾರ, ಅದು ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿ ತಡೆಯುವುದು.

ನೀರಿನ ಸಂಶಯಕ್ಕೆ ಬಿಳಿ ಗಾಜಿನ ಬಾಟಲಿ ಸಾಕು. ಕ್ಯಾನಿನಲ್ಲಿ ಉಳಿದದ್ದನ್ನು, ತಳದಲ್ಲಿರುವುದು ಬರುವ ಹಾಗೆ, ಬಾಟಲಿಗೆ ಇಳಿಸಿ ಹತ್ತು ನಿಮಿಷ ಅಲುಗಾಡಿಸದೆ ಇಡಿ. ಡೀಸೆಲ್ಲಿನಲ್ಲಿ ನೀರಿದ್ದರೆ ತಳದಲ್ಲಿ ಬೇರೆ ಪದರ, ಇಲ್ಲವೇ ಇಡೀ ಡೀಸೆಲ್ ಮಸುಕು ಮಸುಕು. ಪೆಟ್ರೋಲಿನದ್ದು ಸ್ವಲ್ಪ ಮೋಸ. ಎಥನಾಲ್ ನೀರನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಒಂದು ಮಿತಿ ತನಕ ಏನೂ ಕಾಣುವುದಿಲ್ಲ, ಎಣ್ಣೆ ತಿಳಿಯಾಗಿಯೇ ಇರುತ್ತದೆ. ಮಿತಿ ದಾಟಿದಾಗ ನೀರು ಮತ್ತು ಎಥನಾಲ್ ಒಟ್ಟಾಗಿ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಇಂಜಿನ್ ಎಳೆದುಕೊಳ್ಳುವುದು ತಳದಿಂದ ಅಲ್ವಾ, ಹಾಗಾಗಿ ಮೊದಲು ಅದೇ ಹೋಗುತ್ತದೆ. ಬಾಟಲಿಯಲ್ಲಿ ಎರಡು ಪದರ ಕಂಡರೆ ಆ ಪೆಟ್ರೋಲನ್ನು ಸೋಸಿ ಬಳಸುವ ಆಸೆ ಬಿಡಿ. ಮೇಲಿನ ಪದರಕ್ಕೂ ಮೊದಲಿನ ಆಕ್ಟೇನ್, ಅಂದರೆ ಇಂಜಿನ್ ಬಡಿಯದ ಹಾಗೆ ಉರಿಯುವ ಗುಣ, ಉಳಿದಿರುವುದಿಲ್ಲ.

ನೀರು ಬರುವುದು ಎಲ್ಲಿಂದ? ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಕ್ಯಾನಿನ ಮುಚ್ಚಳದ ಸುತ್ತಲಿನ ಗುಳಿಯಲ್ಲಿ ಮಳೆನೀರು ನಿಂತಿರುತ್ತದೆ, ತೆರೆದ ಕೂಡಲೇ ಒಳಗೆ ಜಾರುತ್ತದೆ. ತೆರೆಯುವ ಮೊದಲು ಒರೆಸಿ. ಇನ್ನೊಂದು, ಅರ್ಧ ತುಂಬಿದ ಕ್ಯಾನನ್ನು ಇಡೀ ಮಳೆಗಾಲ ಕೊಟ್ಟಿಗೆಯಲ್ಲಿ ಇಡುವುದು. ಹಗಲು ಬಿಸಿ, ರಾತ್ರಿ ತಂಪು, ಸಡಿಲ ವಾಶರಿನಿಂದ ಒದ್ದೆ ಗಾಳಿ ಒಳಗೆ ಹೋಗಿ ಗೋಡೆಯಲ್ಲಿ ಬೆವರಿ ಇಳಿಯುತ್ತದೆ. ಗಡಿ ದಾಟಿದರೆ ದರ ಕಡಿಮೆ ಎಂದು ಕರ್ನಾಟಕದ ಪಂಪಿನಲ್ಲಿ ತುಂಬಿಸಿ ತಂದು ತಿಂಗಳುಗಟ್ಟಲೆ ಇಡುವವರಿಗೆ ಈ ತೊಂದರೆ ಬರುವುದು ಸಹಜ. ಎರಡು ಮೂರು ತಿಂಗಳೊಳಗೆ ಬಳಸಿ ಮುಗಿಸಿ.

ಕ್ಯಾನಿನಲ್ಲಿ ಮೊದಲು ಏನಿತ್ತು ಎಂಬುದು ಇನ್ನೂ ಮುಖ್ಯ. ತೋಟ ಇರುವ ಮನೆಗಳಲ್ಲಿ ಬಿಳಿ, ನೀಲಿ ಕ್ಯಾನುಗಳು ಬೇಕಾದಷ್ಟು ಬಿದ್ದಿರುತ್ತವೆ. ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಫಾರ್ಮಿಕ್ ಆಸಿಡಿನ ಕ್ಯಾನ್ ಒಂದು. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಕಲಸಲು ಮೈಲುತುತ್ತು ಕರಗಿಸಿದ ಕ್ಯಾನ್ ಇನ್ನೊಂದು. ಕಳೆ ಕೊಚ್ಚುವ ಮಿಷನ್ನಿಗೆ 2ಟಿ (ಟೂ ಸ್ಟ್ರೋಕ್ ಇಂಜಿನ್ನಿನ) ಆಯಿಲ್ ಬೆರೆಸಿದ ಪೆಟ್ರೋಲ್ ಇಟ್ಟ ಕ್ಯಾನ್ ಮತ್ತೊಂದು. ಮೂರೂ ಜೀಪಿಗೆ ಬೇಡ. ಆಸಿಡ್ ಉಳಿದಿದ್ದರೆ ಟ್ಯಾಂಕು, ಪಂಪಿನ ಲೋಹ ತಿನ್ನುತ್ತದೆ. ಮೈಲುತುತ್ತಿನಲ್ಲಿರುವ ತಾಮ್ರ ಎಣ್ಣೆಯನ್ನು ಬೇಗ ಕೆಡಿಸಿ ಗೋಂದಿನಂಥ ಅಂಟು ಕಟ್ಟಿಸುತ್ತದೆ. 2ಟಿ ಬೆರೆತದ್ದು ಜೀಪಿಗೆ ಬಿದ್ದರೆ ಹೊಗೆ ಬರುತ್ತದೆ, ಪ್ಲಗ್ ಕಪ್ಪಾಗುತ್ತದೆ, ಪ್ರಮಾಣ ಕಡಿಮೆ ಇದ್ದರೆ ಅದಕ್ಕಿಂತ ದೊಡ್ಡ ಹಾನಿ ಇಲ್ಲ. ಆದರೆ ಅದೇ ಅದಲು ಬದಲಾಗಿ ಬರೀ ಪೆಟ್ರೋಲ್ ಕಳೆ ಮಿಷನ್ನಿಗೆ ಬಿದ್ದರೆ ಆ ಮಿಷನ್ ಜಾಮ್. ಕ್ಯಾನಿನ ಮೇಲೆ ಪೇಂಟಿನಲ್ಲಿ ದೊಡ್ಡದಾಗಿ ಬರೆದಿಡಿ. ಮನೆಯವರು, ಕೆಲಸಕ್ಕೆ ಬರುವವರು ಎಲ್ಲರಿಗೂ ಅರ್ಥವಾಗಬೇಕು, ಬೇಕಾದರೆ ಮಲಯಾಳದಲ್ಲೂ ಬರೆಯಿರಿ.

ಪೆಟ್ರೋಲೋ ಡೀಸೆಲೋ ಎಂದು ಗೊತ್ತಾಗದ ಕ್ಯಾನ್ ಸಿಕ್ಕಿದರೆ ಬಿಳಿ ಪೇಪರಿನ ಮೇಲೆ ಒಂದು ಹನಿ ಬಿಡಿ. ಶುದ್ಧ ಪೆಟ್ರೋಲ್ ಎರಡು ನಿಮಿಷದಲ್ಲಿ ಕಲೆ ಉಳಿಸದೆ ಆರುತ್ತದೆ. ಡೀಸೆಲ್, ಅಥವಾ ಡೀಸೆಲ್ ಬೆರೆತ ಪೆಟ್ರೋಲ್ ಎಣ್ಣೆ ಜಿಡ್ಡಿನ ಕಲೆ ಬಿಡುತ್ತದೆ. 2ಟಿ ಬೆರೆತದ್ದೂ ಕಲೆ ಬಿಡುತ್ತದೆ, ಅದನ್ನು ಮರೆಯಬೇಡಿ.

ತಪ್ಪು ಎಣ್ಣೆ ಬಿದ್ದಿದೆ ಎಂದು ಸುರಿದ ಕೂಡಲೇ ಗೊತ್ತಾದರೆ ಕೀ ತಿರುಗಿಸಲೇಬೇಡಿ, ಇಗ್ನಿಷನ್ ಕೂಡ ಆನ್ ಮಾಡಬೇಡಿ. ಹೊಸ ಕಾಮನ್ ರೈಲ್ ಡೀಸೆಲ್ ಗಾಡಿಗೆ ಪೆಟ್ರೋಲ್ ಹೋದರೆ ಹೈ ಪ್ರೆಶರ್ ಪಂಪಿಗೆ ಬೇಕಾದ ಜಿಡ್ಡು ಸಿಗದೆ ಅದು ತನ್ನನ್ನೇ ಅರೆದುಕೊಳ್ಳುತ್ತದೆ, ಆ ಲೋಹದ ಪುಡಿ ಇಂಜೆಕ್ಟರ್ ತನಕ ಹೋಗುತ್ತದೆ. ಟ್ಯಾಂಕು ಖಾಲಿ ಮಾಡಿಸುವ ಖರ್ಚು ಅದರ ಮುಂದೆ ಏನೂ ಅಲ್ಲ. ಟೋ ಮಾಡಿಸಿ.

ಡೀಸೆಲ್ ಗಾಡಿಯಲ್ಲಿ ನೀರು ಹೋದದ್ದಾದರೆ ಫಿಲ್ಟರಿನ ಅಡಿಯ ಸ್ಕ್ರೂ ಸಡಿಲಿಸಿ, ತಿಳಿ ಡೀಸೆಲ್ ಬರುವ ತನಕ ಇಳಿಸಿ. ಪೂರ್ತಿ ಎಣ್ಣೆ ಮುಗಿದು ನಿಂತ ಮೇಲೆ ಕ್ಯಾನಿನಿಂದ ಸುರಿದದ್ದಾದರೆ ಎಣ್ಣೆಯಲ್ಲಿ ದೋಷವೇ ಇರಲಿಕ್ಕಿಲ್ಲ, ಪೈಪಿನಲ್ಲಿ ಗಾಳಿ ಸೇರಿದೆ. ಹಳೆ ಜೀಪುಗಳಲ್ಲಿ ಫಿಲ್ಟರಿನ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತುತ್ತಾ ಇರಿ. ಮೊದಲು ನೊರೆ, ಆಮೇಲೆ ಗುಳ್ಳೆ ಗುಳ್ಳೆಯಾಗಿ, ಕೊನೆಗೆ ಗುಳ್ಳೆಯೇ ಇಲ್ಲದ ಡೀಸೆಲ್ ಬರುತ್ತದೆ. ಅದು ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿಯಬೇಕು, ಹರಿವು ನಿಂತ ಮೇಲೆ ಬಿಗಿದರೆ ಮತ್ತೆ ಗಾಳಿ. ಸುಮ್ನೆ ಸೆಲ್ಫ್ ಹೊಡೆಯುತ್ತಾ ಹೋದರೆ ಬ್ಯಾಟರಿ ಇಳಿಯುತ್ತದೆ ಅಷ್ಟೇ. ಟ್ಯಾಂಕು ಪೂರ್ತಿ ಮುಗಿಯುವ ಮೊದಲೇ ಸುರಿದರೆ ಈ ಕೆಲಸವೇ ಇಲ್ಲ.

ಸುರಿಯುವಾಗ ಬರುವ ತೊಂದರೆ

ಕ್ಯಾನ್ ಬಗ್ಗಿಸಿದಾಗ ಗುಳುಗುಳು ಎಂದು ತಡೆದು ತಡೆದು ಬರುತ್ತಿದ್ದರೆ ಗಾಳಿ ಹೋಗುವ ಸಣ್ಣ ಕೊಳವೆ ಮುಚ್ಚಿದೆ. ಜೆರಿಕ್ಯಾನಿನ ಬಾಯಿಯೊಳಗೆ ಒಂದು ಬದಿಯಲ್ಲಿ ಅದು ಕಾಣುತ್ತದೆ, ನಮ್ಮ ಕಡೆ ಕಣಜ ಮಣ್ಣು ಮೆತ್ತಿ ಗೂಡು ಕಟ್ಟಲು ಅಂಥ ತೂತುಗಳನ್ನೇ ಹುಡುಕುತ್ತದೆ. ತೆಳ್ಳಗಿನ ತಂತಿಯಿಂದ ಬಿಡಿಸಿ, ಮಣ್ಣು ಕ್ಯಾನಿನೊಳಗೆ ಬೀಳದ ಹಾಗೆ. ಆಲಿಕೆ ಬಳಸುವುದಾದರೆ ಸಣ್ಣ ಜಾಲರಿ ಇರುವುದನ್ನೇ ಬಳಸಿ. ಟ್ಯಾಂಕಿನ ಬಾಯಲ್ಲಿ ಒಳಗೆ ತಳ್ಳುವ ಮುಚ್ಚಿಗೆ ಇರುವ ಹೊಸ ಗಾಡಿಗಳಿಗೆ ಆ ಮುಚ್ಚಿಗೆ ದಾಟಿ ಹೋಗುವಷ್ಟು ಉದ್ದದ ನಳಿಗೆ ಮೊದಲೇ ಹೊಂದಿಸಿ ನೋಡಿಡಿ. ಕತ್ತಲಲ್ಲಿ, ಮಳೆಯಲ್ಲಿ ಮೊದಲ ಸಲ ನೋಡುವ ಕೆಲಸ ಅದಲ್ಲ.

ಪೈಪು ಹಾಕಿ ಬಾಯಲ್ಲಿ ಎಳೆಯಬೇಡಿ. ಎಣ್ಣೆ ಒಂದು ಗುಟುಕು ಶ್ವಾಸಕೋಶಕ್ಕೆ ಹೋದರೂ ಪ್ರಾಣಕ್ಕೆ ಕುತ್ತು. ಯಾರಾದರೂ ನುಂಗಿದರೆ ವಾಂತಿ ಮಾಡಿಸಬಾರದು, ವಾಂತಿಯಲ್ಲಿ ಮತ್ತೆ ಶ್ವಾಸಕೋಶಕ್ಕೇ ಹೋಗುತ್ತದೆ. ನೇರ ಆಸ್ಪತ್ರೆಗೆ. ಹತ್ತು ರೂಪಾಯಿಯ ಆಸೆಗೆ ಬೀಳದೆ ಕೈಯಲ್ಲಿ ಒತ್ತುವ ರಬ್ಬರ್ ಪಂಪು ಒಂದನ್ನು ಇಟ್ಟುಕೊಳ್ಳಿ.

ಪಂಪಿನಲ್ಲಿ ತುಂಬುವಾಗ ಕ್ಯಾನ್ ನೆಲದ ಮೇಲೆ ಇರಬೇಕು. ಪಿಕಪ್ಪಿನ ಪ್ಲಾಸ್ಟಿಕ್ ಹಾಸಿನ ಮೇಲೆ ಇಟ್ಟು ತುಂಬಿದರೆ ಎಣ್ಣೆ ಹರಿಯುವಾಗ ಹುಟ್ಟುವ ಸ್ಥಿರ ವಿದ್ಯುತ್ತಿಗೆ ಭೂಮಿಗೆ ಇಳಿಯಲು ದಾರಿ ಇರುವುದಿಲ್ಲ, ಕಿಡಿ ಹಾರಬಹುದು. ನಾಝಲ್ ಕ್ಯಾನಿನ ಬಾಯಿಗೆ ತಾಗಿಯೇ ಇರಲಿ, ನಿಧಾನಕ್ಕೆ ತುಂಬಲಿ, 20 ಲೀಟರಿನ ಕ್ಯಾನಿಗೆ 19 ಲೀಟರ್ ಸಾಕು.

ಕಾನೂನಿನ ಮಾತು ಒಂದು. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಮಾರಾಟಕ್ಕಲ್ಲದ ಪೆಟ್ರೋಲನ್ನು ಲೈಸೆನ್ಸ್ ಇಲ್ಲದೆ 30 ಲೀಟರ್ ತನಕ ಇಟ್ಟುಕೊಳ್ಳಬಹುದು. ಪಾತ್ರೆ ಲೋಹದ್ದಾದರೆ ಒಂದೊಂದು 25 ಲೀಟರ್ ಮೀರಬಾರದು, ಬಿಗಿ ಮುಚ್ಚಳ ಇರಬೇಕು. ಪ್ಲಾಸ್ಟಿಕ್ ಬಾಟಲಿ, ಕ್ಯಾನಿಗೆ ಪಂಪಿನಲ್ಲಿ ಹಾಕಲ್ಲ ಎಂದರೆ ಅವರ ಜೊತೆ ಜಗಳಕ್ಕೆ ನಿಲ್ಲಬೇಡಿ. 20 ಲೀಟರಿನ ಉಕ್ಕಿನ ಕ್ಯಾನ್ ಒಂದಿದ್ದರೆ ಈ ಕಡೆಯ ಯಾವ ಗುಡ್ಡೆಗೂ ಸಾಕು.

ಪ್ರಯಾಣ ಮುಗಿಸಿ ಬಂದ ದಿನವೇ ಕ್ಯಾನಿನಲ್ಲಿ ಉಳಿದ ಎಣ್ಣೆಯನ್ನು, ಗಾಜಿನ ಬಾಟಲಿಯಲ್ಲಿ ಒಮ್ಮೆ ನೋಡಿ, ಟ್ಯಾಂಕಿಗೆ ಸುರಿದುಬಿಡಿ. ಆಮೇಲೆ ಟಾರ್ಚ್ ಹಿಡಿದು ಕ್ಯಾನಿನೊಳಗೆ ನೋಡುವ ಆಸೆ ಬಂದರೆ ಟಾರ್ಚನ್ನು ದೂರದಲ್ಲೇ ಆನ್ ಮಾಡಿಕೊಂಡು ಬನ್ನಿ, ಬಾಯಿಯ ಹತ್ತಿರ ಸ್ವಿಚ್ ಒತ್ತಬೇಡಿ. ಒಳಗಿನ ಲೇಪ ಸಿಪ್ಪೆಯಾಗಿ ಎದ್ದಿದ್ದರೆ, ತಳದಲ್ಲಿ ಕೆಂಪು ತುಕ್ಕಿನ ಪುಡಿ ಇದ್ದರೆ ಆ ಕ್ಯಾನ್ ಇನ್ನು ಬೇಡ. ಸರಿ ಇದ್ದರೆ ಮುಚ್ಚಳ ಬಿಗಿದು, ಅಡುಗೆಮನೆಯಿಂದ ದೂರದ ನೆರಳಿನಲ್ಲಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ.